ಒಂದು ಚುಕ್ಕಿ, ನಾಲ್ಕು ಅಂಗಡಿ

ನಮ್ಮೂರು ಸುಳ್ಳದ ಎರಿಹೊಲದಲ್ಲಿ ಹತ್ತಿ, ಹೆಸರು, ಕಡಲೆ ಬೆಳೆಯುತ್ತವೆ. ನಮ್ಮ ಮನೆಯಲ್ಲಿ ಡೊಮೇನ್ ಬೆಳೆದವು. ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಖಡಕ್ ರೊಟ್ಟಿ ಬಡಿಯುವ ಕಾಕು ಕೇಳಿದ್ದು ಒಂದೇ ಆನ್‌ಲೈನ್ ಅಂಗಡಿ. ಮೊದಲ ವರ್ಷದ ಅಗ್ಗದ ದರ ಕಂಡ ನಾನು ರೊಟ್ಟಿಗೊಂದು, ಶೇಂಗಾ ಹಿಂಡಿಗೊಂದು, ಬ್ಯಾಡಗಿ ಮೆಣಸಿನಕಾಯಿಗೊಂದು, ಹೋಳಿಗೆಗೊಂದು ಹೆಸರು ಕೊಂಡೆ. ಇನ್ನೂ ಒಂದು ಕೊಂಡಿದ್ದೆ; ಅದು ಮನೆಯವರಿಗೆ ಗೊತ್ತಿರಲಿಲ್ಲ.

ಅಂಗಡಿ ತೆರೆದದ್ದೇ ತಡ, ಪುಣೆಯ ಬೀಗರ ಫೋನು. ವಿಳಾಸದ ಮಗ್ಗುಲಿಗೆ 'ಸುರಕ್ಷಿತವಲ್ಲ' ಎಂದು ಬರುತ್ತಿದೆಯಂತೆ. 2018ರ ಜುಲೈನಿಂದ ಕ್ರೋಮ್ ಬ್ರೌಸರು ಎಸ್‌ಎಸ್‌ಎಲ್ ಇಲ್ಲದ ಎಲ್ಲ ತಾಣಗಳ ಹಣೆಗೂ ಈ ಚೀಟಿ ಹಚ್ಚುತ್ತದೆ. ಅದನ್ನು ಕಾಕುಗೆ ಓದಿ ಹೇಳಬಾರದಿತ್ತು.

"ಕೈ ತೊಳಕೊಂಡ ಬಡೀತೇವಿ, ತಲಿಗೆ ಅರಿವಿ ಕಟಗೊಂಡ ಬಡೀತೇವಿ. ಸುರಕ್ಷಿತ ಹೆಂಗ ಅಲ್ಲ?"

"ರೊಟ್ಟಿದಲ್ಲ ಕಾಕು, ದಾರೀದು. ಗಿರಾಕಿ ಬರದದ್ದು ನಮ್ಮ ಸರ್ವರ್‌ಗೆ ಮುಟ್ಟೂದ್ರಾಗ ನಡುವ ಯಾರರೆ ಓದಬಹುದು."

ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರಿಂದ ಆ ದಾರಿಗೆ ಬೀಗ ಹಾಕುವ ಎಸ್‌ಎಸ್‌ಎಲ್ ಸರ್ಟಿಫಿಕೇಟನ್ನು ಪುಕ್ಕಟೆ ಕೊಡುತ್ತ ಬಂದಿದೆ. ಪುಕ್ಕಟೆ ಎಂದರೆ ನನ್ನ ಬುದ್ಧಿ ಚುರುಕು. ಚುಕ್ಕಿ (*) ಇಟ್ಟ ವೈಲ್ಡ್‌ಕಾರ್ಡ್ ಸರ್ಟಿಫಿಕೇಟು ಒಂದು ತಂದರೆ ನಾಲ್ಕೂ ಅಂಗಡಿಗೆ ಸಾಕೆಂದು ಹಟ ಹಿಡಿದೆ. ಡೊಮೇನ್ ನಮ್ಮದೇ ಎಂದು ತೋರಿಸಲು ಅವರು ಕೊಟ್ಟ 43 ಅಕ್ಷರಗಳ ಸಾಲನ್ನು ಡಿಎನ್‌ಎಸ್‌ನಲ್ಲಿ ಬರೆಯಬೇಕು. ಕಾಪಿ ಮಾಡುವವನು ಜಾಣ. ನಾನು ತಂಗಿಗೆ ಓದಲು ಹೇಳಿ ಟೈಪ್ ಮಾಡಿದೆ. ಅಲ್ಲಿದ್ದ ಒಂದು ನೆಟ್ಟಗಿನ ಗೀಟು ಸಣ್ಣ ಎಲ್ಲೋ ದೊಡ್ಡ ಐಯೋ ಎಂದು ಇಬ್ಬರೂ ಜಗಳಾಡುವಷ್ಟರಲ್ಲಿ ಒಲೆಯ ಮೇಲಿನ ಚಹಾ ಉಕ್ಕಿ ಹೋಯಿತು.

ಕಡೆಗೂ ಬಂತು, ಆದರೆ ರೊಟ್ಟಿ ಅಂಗಡಿಗೇ ನಾಟಲಿಲ್ಲ. ಚುಕ್ಕಿ ಎಂದರೆ ಒಂದು ಮನೆಯ ರೇಷನ್ ಕಾರ್ಡು: ಮಕ್ಕಳ ಹೆಸರು ತಾನಾಗಿ ಬರುತ್ತದೆ, ಮೊಮ್ಮಕ್ಕಳದು ಬರುವುದಿಲ್ಲ, ಮಗ್ಗುಲ ಮನೆಯವರದಂತೂ ಇಲ್ಲವೇ ಇಲ್ಲ, ಮತ್ತು ಯಜಮಾನನ ಹೆಸರನ್ನು ಬೇರೆಯಾಗಿ ಬರೆಸಬೇಕು. ನಾನು ಬಿಟ್ಟದ್ದು ಯಜಮಾನನನ್ನೇ, ಅಂದರೆ ಮೂಲ ಡೊಮೇನನ್ನೇ. ಅವನನ್ನು ಸೇರಿಸಿ ಮತ್ತೆ ತಂದೆ. ಆಗಲೂ ಹಳೆಯದೇ ಕಾಣುತ್ತಿತ್ತು. ಸರ್ವರ್ ರೀಲೋಡ್ ಮಾಡಬೇಕೆಂಬುದು ಹೊಳೆಯದೆ, ಸರ್ಟಿಫಿಕೇಟೇ ಖೊಟ್ಟಿ ಎಂದು ಮೇಲಿಂದ ಮೇಲೆ ತರಿಸಿದೆ. ಅದೇ ಹೆಸರುಗಳಿಗೆ ಏಳು ದಿನದಲ್ಲಿ ಐದಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದು ಆ ದಾನಿಗಳೇ ಬಾಗಿಲು ಹಾಕಿದರು.

ಸೀಗಿ ಹುಣ್ಣಿಮೆ ಮುಗಿದ ಮೇಲೆ, ಹೆಸರಿಗೊಂದರಂತೆ ಬೇರೆ ಬೇರೆ ಚುಕ್ಕಿ ತಂದಾಗ, ನಾಲ್ಕೂ ಅಂಗಡಿ ಸರಿಹೋದವು. "ಕೀಲಿ ಎಲ್ಲೈತಿ?" ಎಂದಳು ಕಾಕು. ಕ್ರೋಮ್‌ನವರು ವಿಳಾಸದ ಮಗ್ಗುಲಿನ ಬೀಗದ ಚಿತ್ರವನ್ನು 2023ರಲ್ಲೇ ತೆಗೆದುಹಾಕಿದ್ದರು. ಇಷ್ಟು ದುಡಿದು ತೋರಿಸಲು ಒಂದು ಬೀಗವೂ ಇಲ್ಲ.

ಸರ್ಟಿಫಿಕೇಟಿನ ಆಯುಷ್ಯ 90 ದಿನ. ಕೈಯಿಂದ ತಂದ ಚುಕ್ಕಿ ತಾನಾಗಿ ನವೀಕರಣ ಆಗುವುದಿಲ್ಲ. ಅವಧಿ ತೀರುತ್ತದೆಂದು ಮೊದಲು ಎಚ್ಚರಿಕೆಯ ಮಿಂಚಂಚೆ ಬರುತ್ತಿತ್ತು. 2025ರ ಜೂನ್‌ನಿಂದ ಅದೂ ನಿಂತಿತ್ತು. ಸರಿಯಾಗಿ ಭೋಗಿಯ ದಿನ, ಶೇಂಗಾ ಹೋಳಿಗೆಗೆ ಆರ್ಡರ್ ಮುಗಿಬೀಳುವ ಹೊತ್ತಿಗೆ, ನಾಲ್ಕೂ ಅಂಗಡಿಯ ಬಾಗಿಲಲ್ಲಿ ಕೆಂಪು ತ್ರಿಕೋನ.

"2029ರ ಮಾರ್ಚ್ ಬಂದ್ರ ಯಾರ ಸರ್ಟಿಫಿಕೇಟೂ 47 ದಿನದ ಮ್ಯಾಲೆ ಬಾಳಂಗಿಲ್ಲ ಕಾಕು," ಎಂದು ಸಮಾಧಾನ ಹೇಳಿದೆ.

"ನನ್ನ ಖಡಕ್ ರೊಟ್ಟಿ ಅದಕ್ಕಿಂತ ಹೆಚ್ಚ ತಾಳತಾವು."

ಆ ರಾತ್ರಿ ಎಲ್ಲ ಹೆಸರನ್ನೂ ಒಂದೇ ಸರ್ಟಿಫಿಕೇಟಿಗೆ ತುರುಕಿದೆ; ಒಂದರಲ್ಲಿ 100 ಹೆಸರು ಹಿಡಿಸುತ್ತವೆ. ನವೀಕರಣವನ್ನೂ ಯಂತ್ರಕ್ಕೇ ಒಪ್ಪಿಸಿದೆ. ಆ ಸ್ಕ್ರಿಪ್ಟು ನನ್ನ ಖಾತೆಯಲ್ಲಿದ್ದ ಹೆಸರುಗಳನ್ನೆಲ್ಲ ಎತ್ತಿಕೊಂಡಿತ್ತು. ಬೆಳಿಗ್ಗೆ ತಂಗಿ ಸರ್ಟಿಫಿಕೇಟು ತೆರೆದು ಗಟ್ಟಿಯಾಗಿ ಓದಿದಳು: ರೊಟ್ಟಿ, ಹಿಂಡಿ, ಮೆಣಸಿನಕಾಯಿ, ಹೋಳಿಗೆ, ಆಮೇಲೆ ನನ್ನ ಹೆಸರಿನ ಹಿಂದೆ 'ಕವಿ' ಅಂಟಿಸಿಕೊಂಡ ಐದನೆಯದು. ಕೊಟ್ಟ ಸರ್ಟಿಫಿಕೇಟೆಲ್ಲ ಯಾರು ಬೇಕಾದರೂ ನೋಡುವ, ಯಾರೂ ಅಳಿಸಲಾಗದ ದಾಖಲೆಗೆ ಸೇರುತ್ತದೆ. ನನ್ನ ಕವಿತ್ವಕ್ಕೆ ಈವರೆಗೆ ಸಿಕ್ಕ ಪ್ರಕಟಣೆ ಅದೊಂದೇ.

ಕಾಕು ಲಟ್ಟಣಿಗೆ ಕೆಳಗಿಟ್ಟಳು. "ಉಳದ ನಾಕೂ ರಿನ್ಯೂ ಆಗಲಿ. ಅದೊಂದ ಬ್ಯಾಡ."