ನಿರುದ್ಯೋಗಿ ಟೀವಿ ಕವರು

ಮುಂಬಯಿಯ ಖೋಲಿಯಲ್ಲಿ ಮನುಷ್ಯರಿಗೇ ಜಾಗವಿಲ್ಲ, ಹಳೆ ಬಟ್ಟೆಗೆಲ್ಲಿಂದ ಬರಬೇಕು? ಅದಕ್ಕೇ ಸ್ಟೀಲ್ ಪಾತ್ರೆ ಹೊತ್ತ ಭಾಂಡೀವಾಲಿ ಬಂದರೆ ಚಾಳಿಗೆಲ್ಲ ಸಂಭ್ರಮ. ಸೀರೆ ಕೊಟ್ಟು ಡಬ್ಬಿ ತಗೊಳ್ಳುವಾಗಿನ ಚೌಕಾಸಿಗೆ ದಲಾಲ್ ಸ್ಟ್ರೀಟೇ ನಾಚಬೇಕು.

ಡೊಂಬಿವಲಿಯ ನಮ್ಮ ಅತ್ತಿಗೆ ಮಾತ್ರ ಒಂದೆಳೆ ನೂಲೂ ಬಿಟ್ಟುಕೊಡುವವರಲ್ಲ. ಡಬ್ಬಾ ಟೀವಿ ಹೋಗಿ ಗೋಡೆ ಟೀವಿ ಬಂದಮೇಲೆ ನಿರುದ್ಯೋಗಿಯಾಗಿದ್ದ ಕ್ರೋಶಾ ಕವರು ಈಗ ದಿಂಬಿನ ಅಂಚು. ಕ್ರೋಶಾಕ್ಕೆ ನೇರ ಕತ್ತರಿ ಹಾಕಿದರೆ ಎಳೆ ಬಿಚ್ಚಿಕೊಳ್ಳುತ್ತದೆ; ಮೊದಲು ಗೆರೆಯುದ್ದಕ್ಕೂ ಎರಡು ಸಲ ಮಷಿನ್ ಹೊಲಿಗೆ, ಆಮೇಲೆ ಕತ್ತರಿ. ಇಳಕಲ್ ಸೀರೆಯ ಟೋಪ್ ತೆನಿ ಸೆರಗೋ, ಪಂಚೆಯ ಲೈನಿಂಗ್ ಪಡೆದು, ಲೋಕಲ್ ಟ್ರೇನಿನಲ್ಲಿ ಕೊರಳಿಗೆ ಜೋತುಬೀಳುವ ಮೊಬೈಲ್ ಚೀಲವಾಗಿದೆ.

ಪಂಚೆ ಎಲ್ಲಿ ಹೋಯಿತೆಂದು ಅಣ್ಣ ಇನ್ನೂ ಕಪಾಟು ತಡಕುತ್ತಿದ್ದಾನೆ.