ಶವ ಸಿಕ್ಕಿದೆಯಾ?

ಮಾತು ಮುಗಿದ ಮೇಲೂ ಎರಡು ಸೆಕೆಂಡು ಕಣ್ಣು ಕಿರಿದು ಮಾಡಿ ಎಲ್ಲೋ ದೂರ ನೋಡುವವನು ಸಿಕ್ಕರೆ ಅವನನ್ನು ತತ್ವಜ್ಞಾನಿ ಅಂದುಕೊಳ್ಳಬೇಡಿ. ಸ್ಯಾಂಟಾ ಕ್ಲಾರಿಟಾದಲ್ಲಿ ಅವನು ಟಿವಿ ಧಾರಾವಾಹಿಯ ನಟನಾಗಿರುವ ಸಾಧ್ಯತೆಯೇ ಹೆಚ್ಚು. ಆ ಎರಡು ಸೆಕೆಂಡು ಜಾಹೀರಾತಿಗೆ ಮುಂಚಿನ ಕ್ಲೋಸಪ್. ವರ್ಷಗಟ್ಟಲೆ ಹಾಗೆ ನೋಡಿ ನೋಡಿ ಕತ್ತಿಗೆ ಅದೇ ರೂಢಿಯಾಗಿದೆ. ಅಂಗಡಿಯಲ್ಲಿ ಟೊಮೇಟೊ ಬೆಲೆ ಕೇಳುತ್ತಾನೆ. ಉತ್ತರ ಬಂದ ಮೇಲೂ ನಿಧಾನಕ್ಕೆ ತಿರುಗಿ, ಅಷ್ಟು ಬೆಲೆಯಾಗಲು ಅಂಗಡಿಯವನ ಮೊದಲ ಹೆಂಡತಿಯೇ ಕಾರಣವಿರಬೇಕು ಎಂಬ ಮುಖ ಮಾಡಿ ನಿಲ್ಲುತ್ತಾನೆ.

ಲಾಸ್ ಏಂಜಲಿಸ್‌ನಿಂದ ಐದನೇ ನಂಬರಿನ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟು ನ್ಯೂಹಾಲ್ ಕಣಿವೆ ದಾಟಿದರೆ ಈ ಊರು. ನ್ಯೂಹಾಲ್, ಸಾಗಸ್, ವೆಲೆನ್ಸಿಯಾ, ಕ್ಯಾನ್ಯನ್ ಕಂಟ್ರಿ ಎಂಬ ನಾಲ್ಕು ಊರುಗಳು ಕೂಡಿ 1987ರಲ್ಲಿ ಒಂದು ನಗರವಾದವು. ಬಣ್ಣದ ನಂಟು ಅದಕ್ಕಿಂತ ಹಳೆಯದು. ಮೂಕಿ ಚಿತ್ರಗಳ ಕೌಬಾಯ್ ವಿಲಿಯಂ ಎಸ್. ಹಾರ್ಟ್ ನ್ಯೂಹಾಲಿನ ಗುಡ್ಡದ ಮೇಲೆ ಬಂಗಲೆ ಕಟ್ಟಿಸಿಕೊಂಡಿದ್ದ. ಕೌಬಾಯ್‌ಗೆ ಗುಡ್ಡದ ತುದಿಯಾದರೆ ಧಾರಾವಾಹಿಯವನಿಗೆ ಗುಡ್ಡದ ಬುಡದಲ್ಲಿ ಮೂರು ಬೆಡ್‌ರೂಮಿನ ಸಾಲದ ಮನೆ. ಅವನು ಇಲ್ಲಿ ನೆಲೆಸಿದ್ದಕ್ಕೂ ಲೆಕ್ಕಾಚಾರವಿದೆ. ಬೆವರ್ಲಿ ಮತ್ತು ಲಾ ಸಿಯೆನೆಗಾ ರಸ್ತೆಗಳು ಕೂಡುವ ಜಾಗದಿಂದ ಮೂವತ್ತು ಮೈಲಿಯ ಒಂದು ವೃತ್ತ ಎಳೆದು, ಅದರೊಳಗಿನದೆಲ್ಲ ಸ್ಥಳೀಯ ಚಿತ್ರೀಕರಣ ಎಂದು ಹಾಲಿವುಡ್ಡಿನ ಕಾರ್ಮಿಕ ಸಂಘಗಳು ಒಪ್ಪಿಕೊಂಡಿವೆ. ಸ್ಯಾಂಟಾ ಕ್ಲಾರಿಟಾ ಆ ಗೆರೆಯ ಒಳಗೇ ಬರುತ್ತದೆ. ಹಾಗಾಗಿ ಎರಡು ಮನೆ ಆಚೆ ಕೊಲೆಯೊಂದರ ಶೂಟಿಂಗ್ ನಡೆಯುತ್ತಿದ್ದರೂ ಇಲ್ಲಿಯವರು ನಾಯಿಯನ್ನು ವಾಕಿಂಗ್ ಕರೆದುಕೊಂಡು ಹೋಗುವುದು ನಿಲ್ಲಿಸುವುದಿಲ್ಲ.

ಅವನ ಕೆಲಸ ಹೊರಗಿನಿಂದ ಕಂಡಷ್ಟು ಸುಖದ್ದಲ್ಲ. ಹಾಲಿನವನಿಗಿಂತ ಮೊದಲು ಏಳಬೇಕು. ಸ್ಟುಡಿಯೋದಲ್ಲಿ ದಿನಕ್ಕೆ ನೂರು ಪುಟಕ್ಕೂ ಮಿಕ್ಕಿ ಚಿತ್ರೀಕರಣ. ಸಿನಿಮಾದವರು ಒಂದು ಕಣ್ಣೀರಿಗೆ ಅರ್ಧ ದಿನ ಕೊಟ್ಟಾರು. ಇವನು ಅದೇ ಅರ್ಧ ದಿನದಲ್ಲಿ ಮದುವೆಯಾಗಿ, ಮೋಸಹೋಗಿ, ಕೋಮಾಕ್ಕೆ ಜಾರಿ, ಎಚ್ಚೆತ್ತು, ಎದುರು ನಿಂತ ಹೆಂಡತಿಯನ್ನೇ ಮರೆತಿರಬೇಕು. ಮಾತು ತಡವರಿಸಿದರೂ ಬಾಯಿಂದ ಬೈಗುಳ ಬರದಿದ್ದರೆ ಸಾಕು, ಟೇಕ್ ಓಕೆ.

ನೌಕರಿಯ ಭದ್ರತೆಯ ಸುದ್ದಿ ಮಾತ್ರ ಎತ್ತಬಾರದು. ಒಪ್ಪಂದ ಮೂರು ವರ್ಷದ್ದೇ ಇದ್ದರೂ ಹದಿಮೂರು ವಾರಕ್ಕೊಮ್ಮೆ ಕೈಬಿಡುವ ಹಕ್ಕು ನಿರ್ಮಾಪಕರದು. ಆದ್ದರಿಂದ ಸ್ಕ್ರಿಪ್ಟ್ ಬಂದೊಡನೆ ಅವನು ಮೊದಲು ಹುಡುಕುವುದು ತನ್ನ ಮಾತುಗಳನ್ನಲ್ಲ, ಕೆಮ್ಮನ್ನು. ಧಾರಾವಾಹಿಯಲ್ಲಿ ಸುಮ್ಮನೆ ಕೆಮ್ಮಿದವರು ಯಾರೂ ಇಲ್ಲ. ಹೊಸ ದೋಣಿ ಕೊಂಡರೂ ಅಪಾಯ, ತಮ್ಮನ ಜೊತೆ ಬೆಟ್ಟ ಹತ್ತಿದರೂ ಅಪಾಯ. 'ನಿಮ್ಮಂಥ ಒಳ್ಳೆಯವರು ಈ ಊರಲ್ಲೇ ಇಲ್ಲ' ಎಂದು ಯಾರಾದರೂ ಹೇಳುವ ಸೀನು ಬಂದರೆ ಅವತ್ತೇ ಬ್ಯಾಂಕಿಗೆ ಫೋನು ಮಾಡುತ್ತಾನೆ.

ಈ ಸರಕು ನಮಗೇನೂ ಹೊಸದಲ್ಲ. ತೊಂಬತ್ತರ ದಶಕದಲ್ಲಿ ಕೇಬಲ್ ಬಂದ ಹೊಸದರಲ್ಲಿ 'ದಿ ಬೋಲ್ಡ್ ಅಂಡ್ ದಿ ಬ್ಯೂಟಿಫುಲ್' ಬೆಂಗಳೂರಿನ ನಡುಮನೆಗಳಿಗೂ ಬಂದಿತ್ತು. ಅಪ್ಪನ ಸ್ಕೂಟರ್ ಸದ್ದು ಕೇಳಿದೊಡನೆ ಕ್ರಿಕೆಟ್ ಆಗಿ ಬದಲಾಗುತ್ತಿತ್ತು. ಆಮೇಲೆ ನಾವೇ ಊರಿಗೆ ಹಂಚುವಷ್ಟು ಧಾರಾವಾಹಿ ಮಾಡಿದೆವು. ನಮ್ಮ ಖಳನಟಿಗೆ ಮಲ್ಲೇಶ್ವರದ ಮಾರ್ಕೆಟ್ಟಿನಲ್ಲಿ ಯಾವಳೋ ಅಜ್ಜಿ 'ಆ ಸೊಸೆನ ಯಾಕಮ್ಮಾ ಹಂಗೆ ಗೋಳುಹೊಯ್ಕೋತೀಯ?' ಎಂದು ಬೈದರೆ, ಅವಳು ಅದನ್ನು ಪ್ರಶಸ್ತಿಯೆಂದೇ ಎತ್ತಿಟ್ಟುಕೊಳ್ಳುತ್ತಾಳೆ. ಇಲ್ಲಿಯವನ ಪಾಡೂ ಅದೇ. ಅವನ ನಿಜವಾದ ಹೆಸರು ಗೊತ್ತಿರುವುದು ತೆರಿಗೆ ಇಲಾಖೆಗೆ ಮಾತ್ರ.

ಸ್ಯಾಂಟಾ ಕ್ಲಾರಿಟಾದ ನಮ್ಮ ಬೀದಿಯಲ್ಲೂ ಇಂಥವನೊಬ್ಬನಿದ್ದಾನೆ. ಮಗುವಿನ ನಾಮಕರಣಕ್ಕೆ ಕರೆದಿದ್ದೆವು. ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆ, ಅವನ ವೃತ್ತಿ ಯಾವುದೆಂದು ತಿಳಿದೊಡನೆ ಮಣೆ ಎಳೆದುಕೊಂಡು ಎದುರೇ ಕೂತರು. ಭಾಷಾಂತರ ನನ್ನ ಪಾಲಿಗೆ ಬಂತು.

"ಎಷ್ಟು ಸಲ ಸತ್ತಿದ್ದಾನೆ, ಕೇಳು."

ಕೇಳಿದೆ. ಅವನು ಬೆರಳು ಮಡಿಚಿದ. ಒಮ್ಮೆ ವಿಮಾನ, ಒಮ್ಮೆ ವಿಷ, ಒಮ್ಮೆ ಹೆಂಡತಿ.

"ಈಗ?"

ಹೋದ ತಿಂಗಳು ದೋಣಿ ಮುಳುಗಿತಂತೆ. ಅಲ್ಲಿಂದೀಚೆಗೆ ಸ್ಟುಡಿಯೋದಿಂದ ಫೋನಿಲ್ಲ. ಮನೆ ಮಾರಾಟದ ಏಜೆಂಟಾಗಲು ಪರೀಕ್ಷೆ ಕಟ್ಟಿದ್ದಾನೆ. ಹೇಳಿ ಮುಗಿಸಿ ಕಿಟಕಿಯತ್ತ ಎರಡು ಸೆಕೆಂಡು ನೋಡಿದ.

"ಶವ ಸಿಕ್ಕಿದೆಯಾ?"

ಇಲ್ಲ ಅಂದ.

"ಹಾಗಾದ್ರೆ ಯಾತಕ್ಕೆ ಯೋಚನೆ? ಬರ್ತಾನೆ ಬಿಡು. ಮೊದಲು ಅವನಿಗೆ ಬಡಿಸು."

ಹತ್ತು ಪರ್ಸೆಂಟ್ ಕಮಿಷನ್ ತಿನ್ನುವ ಏಜೆಂಟ್ ಹೇಳದ ಮಾತನ್ನು ಅತ್ತೆ ಬಿಸಿಬೇಳೆಬಾತಿನ ಜೊತೆ ಬಿಟ್ಟಿ ಹೇಳಿದ್ದರು. ಅವನು ಎರಡನೇ ಸಲ ಹಾಕಿಸಿಕೊಂಡು ಉಂಡ. 'ಪುಟ್ಟಗೌರಿ ಮದುವೆ'ಯ ಗೌರಿ ಪ್ರಪಾತಕ್ಕೆ ಬಿದ್ದಾಗ ಊರೆಲ್ಲ ಟ್ರೋಲ್ ಮಾಡಿ ನಕ್ಕಿತ್ತು, ಅತ್ತೆ ನಕ್ಕಿರಲಿಲ್ಲ. ಬಿದ್ದದ್ದನ್ನು ತೋರಿಸಿದ್ದಾರೆ, ಸತ್ತದ್ದನ್ನು ತೋರಿಸಿಲ್ಲ ಎಂಬ ಸೂಕ್ಷ್ಮ ಅವರಿಗೆ ಗೊತ್ತಿತ್ತು.

ಈ ಕುಲದ ಭೀಷ್ಮನೆಂದರೆ ಜೋಸೆಫ್ ಮಾಸ್ಕೊಲೊ. 1965ರಿಂದ ನಡೆದಿರುವ 'ಡೇಸ್ ಆಫ್ ಅವರ್ ಲೈವ್ಸ್'ನಲ್ಲಿ 1982ರಲ್ಲಿ ಸ್ಟೆಫಾನೊ ಡಿಮೇರಾ ಎಂಬ ಖಳನಾಗಿ ಕಾಲಿಟ್ಟವರು. ಗುಂಡು, ಬೆಂಕಿ, ಸ್ಫೋಟ, ನೀರಿಗೆ ಬಿದ್ದ ಕಾರು ಎಲ್ಲವೂ ಆ ಪಾತ್ರವನ್ನು ಕೊಂದು ನೋಡಿದವು. ಪ್ರತಿ ಸಲವೂ ಕೋಟು ಕೊಡವಿಕೊಂಡು ಬಾಗಿಲಲ್ಲಿ ಪ್ರತ್ಯಕ್ಷ. ಪಾತ್ರಕ್ಕೆ ಫೀನಿಕ್ಸ್ ಎಂದೇ ಅಡ್ಡಹೆಸರು. ನಡುವೆ ಬಿಡುವಾದಾಗ ಪಕ್ಕದ 'ಬೋಲ್ಡ್ ಅಂಡ್ ದಿ ಬ್ಯೂಟಿಫುಲ್'ಗೆ ಹೋಗಿ ಅಲ್ಲೊಬ್ಬ ಶ್ರೀಮಂತನಾಗಿ ಕೆಲ ವರ್ಷ ಬಾಳಿಯೂ ಬಂದರು. ಮಾಸ್ಕೊಲೊ ತೀರಿಕೊಂಡದ್ದು 2016ರ ಡಿಸೆಂಬರಿನಲ್ಲಿ, 87ನೇ ವಯಸ್ಸಿನಲ್ಲಿ. ಆದರೆ ಆ ಧಾರಾವಾಹಿಯ ಚಿತ್ರೀಕರಣ ಪ್ರಸಾರಕ್ಕಿಂತ ತಿಂಗಳುಗಟ್ಟಲೆ ಮುಂದಿರುತ್ತದೆ. 2017ರ ಫೆಬ್ರವರಿಯಲ್ಲಿ ಸ್ಟೆಫಾನೊ ಇನ್ನೊಮ್ಮೆ ತೆರೆಯ ಮೇಲೆ ಬಂದ. ಅತ್ತೆಗೆ ಇದನ್ನು ವಿವರಿಸಿದರೆ ಅವರಿಗೇನೂ ಸೋಜಿಗವಾಗಲಿಲ್ಲ. "ಅಷ್ಟು ಒಳ್ಳೆ ವಿಲನ್ನನ್ನ ಯಾರು ಬಿಟ್ಟುಕೊಡ್ತಾರೆ?" ಅಂದರು.

ನಟರೇನೋ ಬದುಕಿ ಬರುತ್ತಾರೆ, ಧಾರಾವಾಹಿಗಳಿಗೇ ಆ ಭಾಗ್ಯ ಕಡಿಮೆಯಾಗುತ್ತಿದೆ. 1937ರಲ್ಲಿ ರೇಡಿಯೋದಲ್ಲಿ ಹುಟ್ಟಿ ಟಿವಿಗೆ ಬಂದ 'ಗೈಡಿಂಗ್ ಲೈಟ್' 2009ರಲ್ಲಿ ಆರಿತು. ಮರುವರ್ಷ 'ಆಸ್ ದಿ ವರ್ಲ್ಡ್ ಟರ್ನ್ಸ್', ಅದರ ಮರುವರ್ಷ 'ಆಲ್ ಮೈ ಚಿಲ್ಡ್ರನ್'. 2022ರಲ್ಲಿ 'ಡೇಸ್' ಕೂಡ ಟಿವಿ ಬಿಟ್ಟು ಪೀಕಾಕ್ ಎಂಬ ಸ್ಟ್ರೀಮಿಂಗ್ ಸೇವೆಗೆ ಮನೆ ಬದಲಾಯಿಸಿತು. ಹಾಗಾಗಿ ನಮ್ಮ ನೆರೆಯವನು ಬಿಡುವಿದ್ದಾಗ ಮನೆ ತೋರಿಸುವ ಕೆಲಸವನ್ನೂ ಮಾಡುತ್ತಾನೆ. ಜೋಡಿ ಬಾಗಿಲನ್ನು ಎರಡೂ ಕೈಯಿಂದ ತಳ್ಳಿ, ಹೊಸ್ತಿಲಲ್ಲಿ ನಿಂತು, "ಈ ಮನೆಯಲ್ಲಿ..." ಎಂದು ತಡೆದು, ಗಿರಾಕಿಯ ಹೆಂಡತಿಯ ಎದೆ ಝಲ್ ಎನ್ನುವ ಹೊತ್ತಿಗೆ, "ಎರಡೂವರೆ ಬಾತ್‌ರೂಮ್" ಎನ್ನುತ್ತಾನೆ.

ಮೊದಲೆಲ್ಲ ಅವನನ್ನು ಕಂಡು ನಮ್ಮ ಸಾಫ್ಟ್‌ವೇರ್ ಬಳಗ ಅಯ್ಯೋ ಪಾಪ ಅನ್ನುತ್ತಿತ್ತು: ಹದಿಮೂರು ವಾರದ ನೌಕರಿ, ಅದೂ ಒಂದು ಕೆಮ್ಮಿಗೆ ತೂಗುಬಿದ್ದದ್ದು. ನಮ್ಮ ಕಂಪನಿಗಳಲ್ಲೂ ಲೇಆಫ್ ಶುರುವಾದ ಮೇಲೆ ಯಾರೂ ಆ ಮಾತೆತ್ತುವುದಿಲ್ಲ. ಅವನನ್ನು ತೆಗೆಯುವಾಗ ಒಂದು ದೋಣಿಯನ್ನಾದರೂ ಮುಳುಗಿಸುತ್ತಾರೆ, ಸಹನಟರು ಸಾಲಾಗಿ ನಿಂತು ಅಳುತ್ತಾರೆ, ಹಿನ್ನೆಲೆಯಲ್ಲಿ ಪಿಟೀಲು ಬಾರಿಸುತ್ತಾರೆ. ನಮಗೆ ಹದಿನೈದು ನಿಮಿಷದ ವಿಡಿಯೋ ಕಾಲು. ಅದು ಮುಗಿಯುವುದರೊಳಗೆ ಬ್ಯಾಡ್ಜು ಕೆಲಸ ಮಾಡುವುದಿಲ್ಲ, ಲ್ಯಾಪ್‌ಟಾಪು ತೆರೆಯುವುದಿಲ್ಲ, ಮ್ಯಾನೇಜರು ಫೋನು ಎತ್ತುವುದಿಲ್ಲ. ಅತ್ತೆಯ ಶಾಸ್ತ್ರದ ಪ್ರಕಾರ ನೋಡಿದರೆ, ನಮ್ಮ ಕೇಸಿನಲ್ಲಿ ಶವ ಸಿಕ್ಕಿದೆ.