ಕಾರಿನ ಚುಕ್ಕಿ ರಂಗೋಲಿ

ನಮ್ಮನೆ ಮುಂದೆ ದಿನಾ ಬೆಳಿಗ್ಗೆ ಎರಡು ರಂಗೋಲಿ. ಒಂದು ಹೆಂಡತಿಯದು, ಇನ್ನೊಂದು 1998ರ ನನ್ನ ಕಾರಿನದು. ಕಾರಿಗೆ ಚುಕ್ಕಿಯಷ್ಟೇ ಬರುತ್ತದೆ, ಗೆರೆ ಎಳೆಯೋದು ಇನ್ನೂ ಕಲಿತಿಲ್ಲ.

ಕಾರಿನ ಅಡಿಗೆ ಹಳೇ ಪೇಪರ್ ಹಾಸಿ ನೋಡಿದೆ. ಹಸಿರಾಗಿದ್ದರೆ ಕೂಲೆಂಟ್, ಬರೀ ನೀರಾದರೆ ಏಸಿಯದು. ಇದು ಕಪ್ಪು ಕಷಾಯ, ಇಂಜಿನ್ ಆಯಿಲ್ಲೇ. "ಇಂಜಿನ್ ಇಳಿಸ್ಬೇಕು ಸಾರ್" ಅಂದ ಮೊದಲ ಮೆಕ್ಯಾನಿಕ್. ಇಳಿದದ್ದು ನನ್ನ ಮುಖ.

ಎರಡನೆಯವರು ಹಳೇ ಕೈ. "ಆಯಿಲ್ ಕೆಳಗೆ ಹರಿಯುತ್ತೆ, ಗಾಳಿ ಹಿಂದಕ್ಕೆ ತಳ್ಳುತ್ತೆ. ತೊಟ್ಟಿಕ್ಕೋ ಜಾಗ ನಂಬ್ಬೇಡಿ, ಎಲ್ಲಕ್ಕಿಂತ ಮೇಲೆ ಎಲ್ಲಿ ಒದ್ದೆ ಅಂತ ನೋಡಿ" ಎಂದವರೇ ಇಂಜಿನ್ ತೊಳೆದು, ಒರೆಸಿ, ನಮ್ಮನೆ ಪೌಡರ್ ತರಿಸಿ ಮೈಗೆಲ್ಲ ಉದುರಿಸಿದರು. ಥೇಟ್ ಎಣ್ಣೆಸ್ನಾನ ಮುಗಿಸಿದ ಕೂಸು!

ಹತ್ತು ಕಿಲೋಮೀಟರ್ ಸುತ್ತಿ ಬಂದು ಟಾರ್ಚ್ ಬಿಟ್ಟರೆ, ನೆತ್ತಿಯ ಟ್ಯಾಪೆಟ್ ಕವರಿನ ಅಂಚಿನಿಂದ ಪೌಡರ್ ಮೇಲೆ ಕಪ್ಪು ಕಣ್ಣೀರು. ರಬ್ಬರ್ ಪ್ಯಾಕಿಂಗ್ ಬಿಸಿಗೆ ಹಪ್ಪಳವಾಗಿತ್ತು. ಜೊತೆಗೆ ಬ್ರೀದರ್ ಪೈಪೂ ಕಟ್ಟಿಕೊಂಡಿತ್ತು. ಉಸಿರು ಬಿಡಲಾಗದೆ ಇಂಜಿನ್ ಸಾಹೇಬರು ಸಿಕ್ಕ ಸಂದಿಯಲ್ಲಿ ಎಣ್ಣೆ ಉಗುಳುತ್ತಿದ್ದರು ಪಾಪ.

ಎರಡನ್ನೂ ಸರಿಪಡಿಸಿದ ಮೇಲೆ ಈಗ ಚುಕ್ಕಿ ನಿಂತಿದೆ. ಪೌಡರ್ ಡಬ್ಬಿ ಎಲ್ಲಿ ಅಂತ ಮಾತ್ರ ಮನೆಯಲ್ಲಿ ಇನ್ನೂ ವಿಚಾರಣೆ ನಡೆದಿದೆ.